ದುಡ್ಡು ಕೊಟ್ಟ ಮಾತು

(ಶಾಲೆಯ ಸುವರ್ಣ ಮಹೋತ್ಸವದ ಎರಡನೇ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನ್ ಮಾಡಿ, ‘ನೀನು ಸಾಫ್ಟ್‌ವೇರ್‌ನವನು. ಕಂಪ್ಯೂಟರ್ ಕಲಿತು ಒಳ್ಳೆಯ ಸಂಬಳ ತಗೊಳ್ಳೋದು ಹೇಗೆ ಅಂತ ಮಕ್ಕಳಿಗೆ ಹೇಳು’ ಎಂದರು. ನಾನು ಒಂದು ಕನ್ನಡ ಕಾದಂಬರಿಯ ಬಗ್ಗೆ ಮಾತಾಡುತ್ತೇನೆ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಆಮೇಲೆ ‘ಸರಿ, ಚಿಕ್ಕದಾಗಿ ಮುಗಿಸು’ ಎಂದರು. ಅವರು ಹೇಳಿದ ವಿಷಯವನ್ನು ನಾನು ಪೂರ್ತಿ ಬಿಟ್ಟಿಲ್ಲ. ನಾನು ಮಾತಾಡುವುದೂ ಸಂಬಳದ ಬಗ್ಗೆಯೇ. ಸಂಬಳ ಬರಲು ಶುರುವಾದ ಮೇಲೆ ಮನೆಯೊಳಗೆ ಏನಾಗುತ್ತದೆ ಎಂಬುದರ ಬಗ್ಗೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ದುಡ್ಡು ಮುಖ್ಯವಲ್ಲ, ಗುಣ ಮುಖ್ಯ ಎಂದು ಉಪದೇಶ ಮಾಡಲು ನಾನು ಬಂದಿಲ್ಲ. ದುಡ್ಡಿಲ್ಲದ ಮನೆಯಲ್ಲಿ ಬೆಳೆದವನು ಹಾಗೆ ಹೇಳಲಾರ. 2003ರಲ್ಲಿ ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಪರೀಕ್ಷೆ ಫೀಸು ಕಟ್ಟಲು ಮನೆಯಲ್ಲಿ ದುಡ್ಡಿರಲಿಲ್ಲ. ಅಪ್ಪ ಕೊಬ್ಬರಿ ಮಾರಿ ಬಂದ ದುಡ್ಡು ತಿಪಟೂರು ಮಾರುಕಟ್ಟೆಯಿಂದ ಮನೆಗೆ ಬರುವ ಮೊದಲೇ ಸಾಲದವರ ಕೈ ಸೇರಿತ್ತು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಕೊನೆಯ ದಿನ ಫೀಸು ಕಟ್ಟಿದವರು ನಮ್ಮ ಕನ್ನಡ ಮೇಷ್ಟ್ರು. ಅವರು ಇವತ್ತು ಇಲ್ಲೇ ಇದ್ದಾರೆ. ಹೆಸರು ಹೇಳಬಾರದು ಎಂದು ಬೆಳಿಗ್ಗೆಯೇ ತಾಕೀತು ಮಾಡಿದ್ದಾರೆ, ಹೇಳುವುದಿಲ್ಲ.

ಸಿಇಟಿಯಲ್ಲಿ ಸರ್ಕಾರಿ ಸೀಟು ಸಿಕ್ಕಿತು, ಬಿಇ ಮುಗಿಯಿತು. 2009ರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದೆ. ಮೊದಲ ತಿಂಗಳು ಕೈಗೆ ಬಂದದ್ದು 19,400 ರೂಪಾಯಿ. ಅಪ್ಪ ಒಂದು ವರ್ಷಕ್ಕೂ ಒಟ್ಟಿಗೆ ನೋಡದ ದುಡ್ಡು. ಮೂರು ವರ್ಷದಲ್ಲಿ ಕೈಸಾಲ ತೀರಿತು. ಮನೆಗೆ ಶೌಚಾಲಯ ಬಂತು. ಅವ್ವನ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿದ ದಿನ ಅವ್ವ ನನ್ನ ಮುಖ ನೋಡಿ ‘ಇಷ್ಟು ಸಣ್ಣಗಾಗಿದ್ದೀಯಲ್ಲೋ’ ಎಂದು ಬೈದರು. ಆ ಬೈಗುಳವನ್ನು ನನಗೆ ಕೊಡಿಸಿದ್ದು ದುಡ್ಡೇ. ದುಡ್ಡು ಕೊಟ್ಟ ಮಾತುಗಳಲ್ಲಿ ಕೆಲವನ್ನು ಉಳಿಸಿಕೊಳ್ಳುತ್ತದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಉಳಿಸಿಕೊಳ್ಳದ ಮಾತುಗಳು ಯಾವುವು ಎಂದು ತಿಳಿಯಲು ನನಗೆ ಇನ್ನೂ ಹತ್ತು ವರ್ಷ ಬೇಕಾಯಿತು. ಜೊತೆಗೆ ಒಂದು ಪುಸ್ತಕ ಬೇಕಾಯಿತು.

ಪುಸ್ತಕ ನನ್ನ ಕೈಗೆ ಬಂದ ರೀತಿ ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ನಮ್ಮ ಆಫೀಸಿನಲ್ಲಿ ಕನ್ನಡ ಬಾರದ ಸಹೋದ್ಯೋಗಿಯೊಬ್ಬರ ಮೇಜಿನ ಮೇಲೆ ಒಂದು ತೆಳ್ಳನೆಯ ಇಂಗ್ಲಿಷ್ ಪುಸ್ತಕವಿತ್ತು. ‘ಘಾಚರ್ ಘೋಚರ್ ಅಂದರೇನು? ಇದು ನಿಮ್ಮ ಭಾಷೆಯ ಪುಸ್ತಕ ತಾನೇ?’ ಎಂದು ಅವರು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಅದು ವಿವೇಕ ಶಾನಭಾಗರ ಪುಸ್ತಕ. ಕನ್ನಡದಲ್ಲಿ 2013ರಲ್ಲಿ ಹೆಗ್ಗೋಡಿನ ಅಕ್ಷರ ಪ್ರಕಾಶನದಿಂದ ಬಂದಿತ್ತು. ಶ್ರೀನಾಥ ಪೇರೂರು ಅವರು ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಅಮೆರಿಕ, ಇಂಗ್ಲೆಂಡಿನಲ್ಲೆಲ್ಲ ಓದಿದ್ದರು. ನಾನು ಮಾತ್ರ ಓದಿರಲಿಲ್ಲ. ಲೇಖಕರೂ ಎಂಜಿನಿಯರಿಂಗ್ ಓದಿದವರು ಎಂದು ತಿಳಿದಾಗ ನಾಚಿಕೆ ಇನ್ನಷ್ಟಾಯಿತು. ಆ ಶನಿವಾರವೇ ಕನ್ನಡದ್ದನ್ನು ತಂದೆ. ಸಂಜೆ ಶುರು ಮಾಡಿದವನು ಮುಗಿಸಿಯೇ ಮಲಗಿದೆ. ಮಲಗಿದೆ ಅಷ್ಟೇ, ನಿದ್ದೆ ಬರಲಿಲ್ಲ.

ಓದದವರಿಗಾಗಿ ಸ್ವಲ್ಪ ಹೇಳುತ್ತೇನೆ, ಕೊನೆಯನ್ನು ಹೇಳುವುದಿಲ್ಲ. ಬೆಂಗಳೂರಿನ ಒಂದು ಸಣ್ಣ ಬಾಡಿಗೆ ಮನೆ. ಅಪ್ಪ, ಅಮ್ಮ, ಮಗ, ಮಗಳು, ಜೊತೆಗೆ ಚಿಕ್ಕಪ್ಪ. ಅಪ್ಪ ಚಹಾಪುಡಿ ಕಂಪನಿಯ ಮಾರಾಟಗಾರ. ದಿನವೂ ಅಂಗಡಿ ಅಂಗಡಿ ಸುತ್ತಿ, ಸಂಜೆ ಬಂದು ವಸೂಲಿಯ ಲೆಕ್ಕ ಬರೆಯುತ್ತಾನೆ. ಲೆಕ್ಕ ತಾಳೆಯಾಗದಿದ್ದರೆ ಇಡೀ ಮನೆಗೇ ಆತಂಕ. ಮನೆಗೆ ಗ್ಯಾಸ್ ಒಲೆ ಬರುವುದೆಂದರೆ ಅದೊಂದು ದೊಡ್ಡ ಸಂಗತಿ. ಯಾರು ಏನು ಕೊಂಡರೂ ಎಲ್ಲರಿಗೂ ಗೊತ್ತು, ಎಲ್ಲರದೂ ಒಂದೊಂದು ಮಾತು.

ಆಮೇಲೆ ಅಪ್ಪನ ಕೆಲಸ ಹೋಗುತ್ತದೆ. ಕಂಪನಿ ಕೊಟ್ಟ ಇಡಿಗಂಟನ್ನು ಹಾಕಿ ಚಿಕ್ಕಪ್ಪ ಮಸಾಲೆ ಪದಾರ್ಥಗಳ ವ್ಯಾಪಾರ ಶುರು ಮಾಡುತ್ತಾನೆ. ‘ಸೋನಾ ಮಸಾಲಾ’ ಎಂದು ಅದರ ಹೆಸರು. ವ್ಯಾಪಾರ ಕೈ ಹಿಡಿಯುತ್ತದೆ. ದೊಡ್ಡ ಮನೆ ಬರುತ್ತದೆ, ಸಾಮಾನುಗಳು ತುಂಬಿಕೊಳ್ಳುತ್ತವೆ. ಕಥೆ ಹೇಳುವವನು ಆ ಮನೆಯ ಮಗ. ಅವನನ್ನು ಕಂಪನಿಗೆ ಡೈರೆಕ್ಟರ್ ಮಾಡಿರುತ್ತಾರೆ. ತಿಂಗಳಾದರೆ ಖಾತೆಗೆ ಸಂಬಳ ಬೀಳುತ್ತದೆ, ಆದರೆ ಮಾಡಲು ಕೆಲಸವೇ ಇಲ್ಲ. ಕಾಫಿ ಹೌಸ್‌ನಲ್ಲಿ ಕೂತು ಹೊತ್ತು ಕಳೆಯುತ್ತಾನೆ. ಮದುವೆಯಾಗಿ ಬಂದ ಅನಿತಾಳಿಗೆ ಇದು ತಿಳಿದಾಗ ಅವಳು ಸಿಡಿದೇಳುತ್ತಾಳೆ. ಗಂಡ ಸ್ವಂತ ದುಡಿಮೆಯಿಂದ ಬದುಕಬೇಕು ಎಂಬ ಸರಳವಾದ ಆಸೆ ಅವಳದು. ಆ ಮನೆಯಲ್ಲಿ ಅದು ಯಾರಿಗೂ ಅರ್ಥವಾಗುವುದಿಲ್ಲ.

‘ಘಾಚರ್ ಘೋಚರ್’ ಯಾವ ಭಾಷೆಯ ಪದವೂ ಅಲ್ಲ. ಅನಿತಾಳ ತವರಿನಲ್ಲಿ ಮಕ್ಕಳು ಚಿಕ್ಕವರಿದ್ದಾಗ ಗಾಳಿಪಟದ ದಾರ ಸಿಕ್ಕು ಸಿಕ್ಕಾದಾಗ ಹುಟ್ಟಿಕೊಂಡ ಮಾತು. ಎಳೆದಷ್ಟೂ ಬಿಗಿಯಾಗುವ ಸಿಕ್ಕಿಗೆ ಅವರಿಟ್ಟ ಹೆಸರು.

ದುಡ್ಡು ಆ ಮನೆಗೆ ಕೊಟ್ಟ ಮೊದಲನೇ ಮಾತು, ‘ಇನ್ನು ಚಿಂತೆಯಿಲ್ಲ’ ಎಂಬುದು. ಲೆಕ್ಕ ತಾಳೆಯಾಗದ ಸಂಜೆಗಳ ಚಿಂತೆ ನಿಜಕ್ಕೂ ಹೋಯಿತು. ಬೇರೊಂದು ಚಿಂತೆ ಬಂದು ಕೂತಿತು. ವ್ಯಾಪಾರದಲ್ಲಿ ಅಪ್ಪನಿಗೂ ಪಾಲಿದೆ. ಅವನು ನೇರ ಮನುಷ್ಯ. ಉಯಿಲು ಬರೆಯದೆ ತೀರಿಕೊಂಡರೆ? ಎಲ್ಲವನ್ನೂ ಯಾರಿಗೋ ದಾನ ಮಾಡಿಬಿಟ್ಟರೆ? ಬಡತನದಲ್ಲಿ ಅಪ್ಪ ತಂದ ದುಡ್ಡನ್ನು ಮನೆಯವರೆಲ್ಲ ಸೇರಿ ಎಣಿಸುತ್ತಿದ್ದರು. ಈಗ ಅಪ್ಪನನ್ನೇ ಅನುಮಾನದಿಂದ ನೋಡುತ್ತಾರೆ.

ಎರಡನೇ ಮಾತು, ‘ಇನ್ನು ಬೇಕಾದ ಹಾಗೆ ಬದುಕಬಹುದು’ ಎಂಬುದು. ಆದರೆ ಆ ಮನೆಯಲ್ಲಿ ಬೇಕಾದ ಹಾಗೆ ಬದುಕುವವನು ಒಬ್ಬನೇ, ಚಿಕ್ಕಪ್ಪ. ಅವನ ಊಟದ ಹೊತ್ತಿಗೆ ಮನೆಯ ಗಡಿಯಾರ ತಿರುಗುತ್ತದೆ. ಅವನಿಗೆ ಏನು ಇಷ್ಟವೋ ಅದೇ ಅಡುಗೆ. ಅವನಿಗೆ ಎದುರು ಮಾತಿಲ್ಲ. ಒಂದು ದಿನ ಅವನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಡಬ್ಬಿಯಲ್ಲಿ ಸಾರು ತೆಗೆದುಕೊಂಡು ಮನೆ ಬಾಗಿಲಿಗೆ ಬರುತ್ತಾಳೆ. ಅಮ್ಮ, ಮಗಳು ಸೇರಿ ಅವಳನ್ನು ಬಾಯಿಗೆ ಬಂದಂತೆ ಬೈದು ಓಡಿಸುತ್ತಾರೆ. ಚಿಕ್ಕಪ್ಪ ಒಳಗೇ ಇರುತ್ತಾನೆ, ಹೊರಗೆ ಬರುವುದಿಲ್ಲ. ಅವನು ಯಾರಿಗೂ ಏನೂ ಹೇಳಿಲ್ಲ, ಯಾರನ್ನೂ ಹೆದರಿಸಿಲ್ಲ. ಅವನ ಪರವಾಗಿ ಉಳಿದವರೇ ಎಲ್ಲ ಮಾಡುತ್ತಾರೆ.

ದುಡ್ಡು ಒಳ್ಳೆಯವರನ್ನು ಕೆಡಿಸಿತು ಎಂದು ಈ ಕಥೆಯನ್ನು ಸುಲಭವಾಗಿ ಹೇಳಿಬಿಡಬಹುದು. ಪುಸ್ತಕ ಅಷ್ಟು ಸುಲಭವಾಗಿಲ್ಲ. ಹಳೆಯ ಬಾಡಿಗೆ ಮನೆಯಲ್ಲಿ ಇರುವೆಗಳ ಕಾಟ. ಅಮ್ಮ ಮತ್ತು ಮಗಳು ಇರುವೆಗಳನ್ನು ಕೊಲ್ಲುವ ಉತ್ಸಾಹವನ್ನು ಲೇಖಕರು ವಿವರವಾಗಿ ಬರೆಯುತ್ತಾರೆ. ಅದು ದುಡ್ಡು ಬರುವ ಮೊದಲಿನ ಮಾತು. ಆ ಒಗ್ಗಟ್ಟಿನ ಒಳಗೇ ಆ ಕ್ರೌರ್ಯವೂ ಇತ್ತು. ಇರುವೆಗಳ ಮೇಲೆ ನಡೆಯುತ್ತಿದ್ದದ್ದು ಮನುಷ್ಯರ ಮೇಲೆ ನಡೆಯಲು ದುಡ್ಡು ಬರಬೇಕಾಯಿತು, ಅಷ್ಟೇ.

ಈಗ ನನಗೆ ನಿದ್ದೆ ಬರದ ಕಾರಣಕ್ಕೆ ಬರುತ್ತೇನೆ. ಈ ಪುಸ್ತಕ ಓದುವಾಗ ಎಲ್ಲರೂ ತಮ್ಮನ್ನು ಕಥೆ ಹೇಳುವ ಮಗನ ಜಾಗದಲ್ಲಿ ಇಟ್ಟುಕೊಳ್ಳುತ್ತಾರೆ. ನಾನೂ ಅರ್ಧ ಪುಸ್ತಕ ಹಾಗೇ ಓದಿದೆ. ಚಿಕ್ಕಪ್ಪನ ಉಪಚಾರದ ಪುಟಗಳಿಗೆ ಬಂದಾಗ ನಮ್ಮ ಮನೆ ನೆನಪಾಯಿತು. ನಾನು ಶನಿವಾರ ಊರಿಗೆ ಬಂದರೆ ಅವ್ವ ತಾವು ನೋಡುತ್ತಿದ್ದ ಧಾರಾವಾಹಿ ಆರಿಸಿ ಏಳುತ್ತಿದ್ದರು. ಅಪ್ಪನಿಗೆ ಇಷ್ಟವಾದ ಹುರುಳಿಕಾಳು ಸಾರು ಹೋಗಿ ನನಗೆ ಇಷ್ಟವಾದ ಬಸ್ಸಾರು ಒಲೆಯ ಮೇಲೆ ಏರುತ್ತಿತ್ತು. ತಂಗಿ ಮಕ್ಕಳಿಗೆ ‘ಮಾವ ಮಲಗವ್ರೆ, ಗಲಾಟೆ ಮಾಡಬೇಡಿ’ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಇದನ್ನೆಲ್ಲ ನಾನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿ ಇದ್ದದ್ದು ನಿಜ. ಆದರೆ ಸಂಬಳ ಬರುವ ಮೊದಲು ಇದೇ ಮನೆಯಲ್ಲಿ ಮಧ್ಯಾಹ್ನ ಮಲಗಿದರೆ ಅಪ್ಪ ಚೊಂಬು ನೀರು ಸುರಿಯುತ್ತಿದ್ದರು. ಆ ನೀರು ಯಾವಾಗ ನಿಂತಿತು? ಪುಸ್ತಕ ಮಡಚಿಟ್ಟು ಯೋಚಿಸಿದೆ. ನಮ್ಮ ಮನೆಯ ಚಿಕ್ಕಪ್ಪ ನಾನು.

ಎರಡು ಘಟನೆ ಹೇಳುತ್ತೇನೆ. 2016ರಲ್ಲಿ ನಮ್ಮ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದೆ. ಅಪ್ಪ ಕೇಳಿದ್ದು ಒಂದೇ: ‘ಮುಂದ್ಗಡೆ ಜಗಲಿ ಹಂಗೇ ಇರ್ಲಿ ಕಣಪ್ಪ.’ ಆ ಜಾಗದಲ್ಲಿ ಕಾರು ನಿಲ್ಲಿಸಬೇಕೆಂದು ನಾನು ನಕ್ಷೆಯಲ್ಲಿ ಬರೆಸಿಯಾಗಿತ್ತು. ‘ಕಾಸು ಹಾಕೋನು ನಾನು. ನಿಂಗೆ ಗೊತ್ತಾಗಲ್ಲ, ಸುಮ್ನಿರಪ್ಪ’ ಎಂದೆ. ಅಪ್ಪ ಸುಮ್ಮನಾದರು. ಅಪ್ಪ ಒಪ್ಪಿಕೊಂಡರು ಎಂದೇ ನಾನು ಎಷ್ಟೋ ವರ್ಷ ತಿಳಿದಿದ್ದೆ.

ಇನ್ನೊಂದು, ಬ್ಯಾಂಕಿನದು. ಅಪ್ಪನ ಹೆಸರಿನಲ್ಲಿ ಖಾತೆ ತೆರೆಸಿ ತಿಂಗಳು ತಿಂಗಳು ದುಡ್ಡು ಹಾಕುತ್ತಿದ್ದೆ. ಎಟಿಎಂ ಕಾರ್ಡ್ ಅಪ್ಪನ ಹತ್ತಿರವೇ ಇತ್ತು. ಆದರೆ ಖಾತೆಗೆ ಕೊಟ್ಟ ಮೊಬೈಲ್ ನಂಬರು ನನ್ನದು. ಅಪ್ಪನಿಗೆ ಮೆಸೇಜು ಓದಲು ಬರುವುದಿಲ್ಲ, ಯಾರಾದರೂ ಮೋಸ ಮಾಡಿದರೆ ನನಗೆ ಗೊತ್ತಾಗಲಿ ಎಂಬ ಕಾಳಜಿ. ಅಪ್ಪ 500 ರೂಪಾಯಿ ತೆಗೆದರೆ ಬೆಂಗಳೂರಿನಲ್ಲಿ ನನ್ನ ಫೋನು ಟಿಣ್ ಎನ್ನುತ್ತಿತ್ತು. ನಾನು ಕೂಡಲೇ ಫೋನ್ ಮಾಡಿ ‘ಯಾಕೆ ತೆಗ್ದೆ? ಏನು ತಗೊಂಡೆ?’ ಎಂದು ಕೇಳುತ್ತಿದ್ದೆ. ಬೈಯುತ್ತಿರಲಿಲ್ಲ, ಸುಮ್ಮನೆ ಕೇಳುತ್ತಿದ್ದೆ. ಕ್ರಮೇಣ ಮೆಸೇಜು ಬರುವುದು ಕಡಿಮೆಯಾಯಿತು. ಅಪ್ಪನಿಗೆ ಖರ್ಚೇ ಇಲ್ಲ ಎಂದು ಖುಷಿಪಟ್ಟೆ.

ಒಂದು ಸಲ ಊರಿಗೆ ಬಂದಾಗ ಅಂಗಡಿಯವರು ಕರೆದು, ‘ನಿಮ್ಮಪ್ಪ ಮದ್ವೆ ಮುಯ್ಯಿಗೆ ಅಂತ ಮುನ್ನೂರು ರೂಪಾಯಿ ಇಸ್ಕೊಂಡಿದ್ದ. ಅವಸರ ಏನಿಲ್ಲ ಕಣಪ್ಪ’ ಎಂದರು. ಆ ಹೊತ್ತಿಗೆ ಅಪ್ಪನ ಖಾತೆಯಲ್ಲಿ 60,000ಕ್ಕೂ ಮೇಲಿತ್ತು. ಸಿಟ್ಟಿನಲ್ಲಿ ಮನೆಗೆ ಹೋಗಿ, ದುಡ್ಡಿಟ್ಟುಕೊಂಡು ಸಾಲ ಯಾಕೆ ಮಾಡಿದೆ ಎಂದು ಕೇಳಿದೆ. ಅಪ್ಪ ನೆಲ ನೋಡುತ್ತಾ ಹೇಳಿದರು: ‘ತೆಗುದ್ರೆ ನಿಂಗೆ ಮೆಸೇಜ್ ಬತ್ತದಲ್ಲ. ಕೆಲ್ಸ ಮಾಡೋವಾಗ ಯಾಕೆ ತೊಂದ್ರೆ ಅಂತ.’

ಇದನ್ನು ನಾನು ಗೆಳೆಯರ ಹತ್ತಿರ ತಮಾಷೆಯಾಗಿ ಹೇಳಿಕೊಂಡು ನಕ್ಕಿದ್ದೆ. ಪುಸ್ತಕ ಓದಿದ ರಾತ್ರಿ ನಗು ಬರಲಿಲ್ಲ. ಆ ಮಾತು ಹೇಳಿದವರು ಮೂವತ್ತು ವರ್ಷ ಸಂತೆಯಲ್ಲಿ, ಮಂಡಿಯಲ್ಲಿ ಚೌಕಾಸಿ ಮಾಡಿದ ಮನುಷ್ಯ. ಕಮ್ಮಿ ತೂಗಿದವನ ತಕ್ಕಡಿ ಕಿತ್ತುಕೊಂಡವರು. ಸ್ವಂತ ಖಾತೆಯ ಮುನ್ನೂರು ರೂಪಾಯಿಗೆ ಮಗನ ಟಿಣ್ ಸದ್ದಿಗೆ ಹೆದರಿದ್ದರು.

ನಮ್ಮ ಕೆಲಸದಲ್ಲಿ ‘ಅಡ್ಮಿನ್’ ಎಂದು ಒಬ್ಬನಿರುತ್ತಾನೆ. ಯಾರು ಏನು ನೋಡಬಹುದು, ಯಾರು ಏನು ಬದಲಾಯಿಸಬಹುದು ಎಂದು ನಿರ್ಧರಿಸುವವನು ಅವನು. ಉಳಿದವರು ನೋಡಬಹುದು, ಮುಟ್ಟುವಂತಿಲ್ಲ. ಯಾರೂ ಸಭೆ ಸೇರಿ ಆರಿಸದೆ, ನಾನೂ ಕೇಳದೆ, ತಿಂಗಳ ಸಂಬಳ ನನ್ನನ್ನು ನಮ್ಮ ಮನೆಯ ಅಡ್ಮಿನ್ ಮಾಡಿತ್ತು. ನಾನು ಕಟ್ಟಿದ ಮನೆಯಲ್ಲಿ ನಮ್ಮಪ್ಪ ನೋಡುವವರು ಮಾತ್ರ.

ನಾನು ಕೆಲಸಕ್ಕೆ ಸೇರುವಾಗ ದುಡ್ಡು ನನಗೊಂದು ಮಾತು ಕೊಟ್ಟಿತ್ತು. ‘ನಿಮ್ಮಪ್ಪ ಇನ್ನು ಯಾರ ಮುಂದೂ ಕೈಯೊಡ್ಡಬೇಕಿಲ್ಲ’ ಎಂದು. ಸಾಲದವರ ಮುಂದೆ ಒಡ್ಡುವುದು ನಿಂತದ್ದು ನಿಜ. ನನ್ನ ಮುಂದೆ ಒಡ್ಡುವುದು ಶುರುವಾಗಿತ್ತು. ಸಾಲದವನ ಹತ್ತಿರವಾದರೆ ಜಗಳವಾಡಬಹುದು, ಬಡ್ಡಿ ಹೆಚ್ಚಾಯಿತು ಎಂದು ವಾದಿಸಬಹುದು, ತೀರಿಸಿ ಪತ್ರ ಹರಿದು ಹಾಕಬಹುದು. ಮಗನ ಋಣಕ್ಕೆ ಅದು ಯಾವುದೂ ಇಲ್ಲ.

ಪುಸ್ತಕ ಓದಿದ ಮುಂದಿನ ತಿಂಗಳು ರಜೆ ಹಾಕಿ ಬಂದು, ಅಪ್ಪನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಖಾತೆಗೆ ಅವರದೇ ನಂಬರು ಕೊಡಿಸಿದೆ. ‘ಇನ್ಮೇಲೆ ನಂಗೆ ಬತ್ತದಾ ಮೆಸೇಜು?’ ಎಂದು ಎರಡು ಸಲ ಕೇಳಿದರು. ಮೊದಲ ಮೆಸೇಜು ಬಂದಾಗ ತಂಗಿಯ ಮಗನ ಕೈಲಿ ಓದಿಸಿದರಂತೆ. ಒಂದು ತಿಂಗಳು ಏನೂ ತೆಗೆಯಲಿಲ್ಲ. ಆಮೇಲೆ ಒಂದು ದಿನ 2,000 ತೆಗೆದರು ಎಂದು ಅವ್ವ ಹೇಳಿದರು. ಯಾಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದೆ ಇರುವುದನ್ನು ಅಭ್ಯಾಸ ಮಾಡಿಕೊಳ್ಳಲು ನನಗೆ ವರ್ಷ ಹಿಡಿಯಿತು. ಫೋನ್ ಎತ್ತಿ ಕೇಳಬೇಕೆಂದು ಈಗಲೂ ಬೆರಳು ಹೋಗುತ್ತದೆ.

ಎಲ್ಲ ಸರಿಹೋಯಿತು ಎಂದು ಹೇಳಲಾರೆ. ನಂಬರು ಬದಲಾಯಿಸಿದಷ್ಟು ಸುಲಭವಾಗಿ ಅಭ್ಯಾಸ ಬದಲಾಗುವುದಿಲ್ಲ. ಈಗಲೂ ತೋಟಕ್ಕೆ ಎಷ್ಟು ಸಸಿ ತರಲಿ ಎಂದು ಅಪ್ಪ ನನ್ನನ್ನು ಕೇಳುತ್ತಾರೆ, ತೆಂಗಿನ ಬಗ್ಗೆ ನನಗೇನೂ ಗೊತ್ತಿಲ್ಲದಿದ್ದರೂ. ಜಗಲಿಯಂತೂ ಹಿಂದೆ ಬರಲಿಲ್ಲ. ಅದರ ಒಂದು ಚಪ್ಪಡಿ ಕಲ್ಲು ಬೇಲಿ ಪಕ್ಕ ಉಳಿದಿದೆ. ಸಂಜೆ ಹೊತ್ತು ಅಪ್ಪ ಅದರ ಮೇಲೆ ಕೂತು ಹೋಗಿ ಬರುವವರನ್ನು ಮಾತಾಡಿಸುತ್ತಾರೆ. ನನ್ನ ಕಾರು ನೆರಳಿನಲ್ಲಿ ನಿಂತಿರುತ್ತದೆ.

ಇಲ್ಲಿ ಕೂತಿರುವ ಮಕ್ಕಳೇ, ನಿಮಗೆ ನಿಮ್ಮ ಮನೆಯವರು ‘ಚೆನ್ನಾಗಿ ಓದಿ ಸಂಪಾದನೆ ಮಾಡು’ ಎನ್ನುತ್ತಾರೆ. ಆ ಮಾತು ಕೇಳಿ. ಓದಿ, ಸಂಪಾದಿಸಿ. ಅವ್ವನ ಕಣ್ಣಿನ ಪೊರೆ ಒಳ್ಳೆಯ ಗುಣದಿಂದ ಹೋಗುವುದಿಲ್ಲ. ಆದರೆ ಮೊದಲ ಸಂಬಳ ತಂದು ಅಪ್ಪ ಅವ್ವನ ಕೈಗಿಟ್ಟ ದಿನದಿಂದ ಒಂದು ವಿಷಯ ಗಮನಿಸುತ್ತಿರಿ. ಮನೆಯಲ್ಲಿ ನಿಮಗೆ ಬೈಯುವವರು ಎಷ್ಟು ಜನ ಉಳಿದಿದ್ದಾರೆ ಎಂದು ಆಗಾಗ ಎಣಿಸಿಕೊಳ್ಳಿ. ಆ ಸಂಖ್ಯೆ ಕಡಿಮೆಯಾಗುತ್ತಿದ್ದರೆ ನೀವು ದೊಡ್ಡವರಾದಿರಿ ಎಂದುಕೊಳ್ಳಬೇಡಿ. ಮನೆಯವರು ನಿಮಗೆ ಹೆದರುತ್ತಿರಬಹುದು.

ನನ್ನ ಹಾಗೆ ಹೊರಗೆ ಹೋಗಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳಿಗೂ ಒಂದು ಮಾತು. ಹೊಸ ಕೊಠಡಿಗೆ ದುಡ್ಡು ಕೊಟ್ಟವರ ಹೆಸರನ್ನು ಗ್ರಾನೈಟ್ ಕಲ್ಲಿನಲ್ಲಿ ಕೆತ್ತಿಸಲು ಸಮಿತಿ ಯೋಚಿಸಿದೆ. ಒಳ್ಳೆಯ ಮನಸ್ಸಿನಿಂದಲೇ ಯೋಚಿಸಿದ್ದಾರೆ. ನನ್ನ ಪಾಲಿನದನ್ನು ಕೊಟ್ಟಿದ್ದೇನೆ, ಹೆಸರು ಬೇಡ ಎಂದು ಕೇಳಿಕೊಂಡಿದ್ದೇನೆ. ಇದು ವಿನಯಕ್ಕೆ ಹೇಳಿದ್ದಲ್ಲ. ಕೊಟ್ಟವನ ಹೆಸರು ಗೋಡೆಯ ಮೇಲಿದ್ದರೆ ಆ ಕೊಠಡಿಯಲ್ಲಿ ಪಾಠ ಮಾಡುವವರು, ಕೂತು ಕಲಿಯುವವರು ಅವನಿಗೆ ‘ನಿಂಗೆ ಗೊತ್ತಾಗಲ್ಲ, ಸುಮ್ನಿರು’ ಎಂದು ಹೇಳುವುದು ಕಷ್ಟವಾಗುತ್ತದೆ. ಹಾಗೆ ಹೇಳುವ ಹಕ್ಕು ಈ ಶಾಲೆಗೆ ಇರಲಿ. ನನಗೆ ಫೀಸು ಕಟ್ಟಿದ ಮೇಷ್ಟ್ರು ಆಮೇಲೆ ಒಂದು ದಿನವೂ ಅದನ್ನು ಎತ್ತಲಿಲ್ಲ. ಮಾರನೇ ವಾರ ವ್ಯಾಕರಣ ತಪ್ಪು ಬರೆದದ್ದಕ್ಕೆ ಎಲ್ಲರ ಮುಂದೆ ಕಿವಿ ಹಿಂಡಿದರು. ಹೇಗೆ ಕೊಡಬೇಕು ಎಂಬುದನ್ನು ನಾನು ಇದೇ ಶಾಲೆಯಲ್ಲಿ ನೋಡಿದ್ದೆ. ನೆನಪಾಗಲು ಕಾದಂಬರಿ ಓದಬೇಕಾಯಿತು. ಆ ಪುಸ್ತಕದ ಎರಡು ಪ್ರತಿಗಳನ್ನು ಶಾಲೆಯ ಗ್ರಂಥಾಲಯಕ್ಕೆ ತಂದಿದ್ದೇನೆ. ತೆಳ್ಳಗಿದೆ, ಹೆದರಬೇಡಿ.

ಕೊನೆಗೆ, ಅಪ್ಪ ಇವತ್ತು ಅಲ್ಲಿ, ಶಾಮಿಯಾನದ ಹಿಂದಿನ ಕಂಬದ ಹತ್ತಿರ ಕೂತಿದ್ದಾರೆ. ಮನೆಯ ವಿಷಯವನ್ನು ನಾಲ್ಕು ಜನರ ಮುಂದೆ ಹೇಳುವ ಮೊದಲು ಕೇಳಬೇಕಲ್ಲ, ನಿನ್ನೆ ರಾತ್ರಿ ಕೇಳಿದೆ. ಈ ಸಲ ಕೇಳಿದವನು ನಾನು. ಅಪ್ಪ ಸ್ವಲ್ಪ ಯೋಚಿಸಿ, ‘ಹೇಳು, ನಂದೇನೈತೆ. ಆದ್ರೆ ಉದ್ದ ಮಾಡಬೇಡ, ಜನಕ್ಕೆ ಊಟದ ಹೊತ್ತಾಯ್ತದೆ’ ಎಂದರು.

ಅಪ್ಪ ಹೇಳಿದಂತೆ ಇಲ್ಲಿಗೆ ನಿಲ್ಲಿಸುತ್ತೇನೆ.